ಹೊರಗಿನ ತರಬೇತುದಾರರೋ, ನಮ್ಮ ಮಿಸ್ತ್ರಿಯೋ?

ಮಾನ್ಯರೇ, ಬೆಳಗಾವಿಯ ಉದ್ಯಮಬಾಗದಲ್ಲಿರುವ ತಮ್ಮ ಫೌಂಡ್ರಿಗೆ ಹೊಸದಾಗಿ ಸೇರಿದ ಹುಡುಗರಿಗೆ ಮೋಲ್ಡಿಂಗ್ (ಲೋಹ ಎರೆಯಲು ಮರಳಿನ ಅಚ್ಚು ಮಾಡುವ ಕೆಲಸ) ಕಲಿಸಲು ವೃತ್ತಿಪರ ತರಬೇತುದಾರರನ್ನು ಕರೆಸಬೇಕೇ, ಹಳೆಯ ಮಿಸ್ತ್ರಿಯವರೇ ಸಾಕೇ ಎಂದು ಕೇಳಿದ್ದೀರಿ. ಮಿಸ್ತ್ರಿಯವರೇ ಕಲಿಸಲಿ, ಆದರೆ ಕಲಿಸುವ ಬಗೆಯನ್ನು ಮೊದಲು ಅವರಿಗೆ ಕಲಿಸಿರಿ ಎಂಬುದು ನನ್ನ ಅಭಿಪ್ರಾಯ.

ಮರಳನ್ನು ಮುಷ್ಟಿಯಲ್ಲಿ ಒತ್ತಿ, ಆ ಉಂಡೆಯನ್ನು ಮುರಿದು ನೋಡಿ ತೇವದ ಹದ ಹೇಳಬಲ್ಲವರು ಅವರು. ತೇವ ಹೆಚ್ಚಾದರೆ ಕರಗಿದ ಲೋಹ ತಗುಲಿದೊಡನೆ ಆವಿಯೆದ್ದು ಎರಕದಲ್ಲಿ ಗಾಳಿಗುಳ್ಳೆಗಳು ಉಳಿಯುತ್ತವೆ, ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಮರಳು ಲೋಹದೊಳಗೆ ಸೇರುತ್ತದೆ. ಈ ಹದವನ್ನು ಪರದೆಯ ಮೇಲೆ ತೋರಿಸಿ ಕಲಿಸಲಾಗದು. ಆದರೆ ಕೈಗೆ ರೂಢಿಯಾದುದನ್ನು ಮಾತಿನಲ್ಲಿ ಬಿಡಿಸಿ ಹೇಳುವುದು ಬೇರೆಯೇ ವಿದ್ಯೆ. ನನಗೆ ಕಲಿಸಿದವರು ‘ನೋಡಕೋತ ಇರು, ಬರ್ತದ’ ಎಂದಷ್ಟೇ ಹೇಳುತ್ತಿದ್ದರು. ಅವರು ಹೇಳದೆ ದಾಟಿದ ಹಂತಗಳನ್ನು ತಪ್ಪು ಮಾಡಿ ಮಾಡಿ ಕಂಡುಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ನಡೆದ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಕಾರ್ಯಕ್ರಮವು ಈ ತೊಡಕನ್ನೇ ಬಿಡಿಸಲು ಹೊರಟಿತ್ತು. ಕಲಿಯುವವನನ್ನು ಸಿದ್ಧಪಡಿಸುವುದು, ಕೆಲಸವನ್ನು ಕಾರಣಸಹಿತ ತೋರಿಸುವುದು, ಅವನಿಂದ ಮಾಡಿಸುವುದು, ಆಮೇಲೂ ಗಮನಿಸುತ್ತಿರುವುದು ಎಂಬ 4 ಹಂತಗಳನ್ನು ಮೇಲ್ವಿಚಾರಕರಿಗೆ ಒಟ್ಟು 10 ಗಂಟೆಗಳಲ್ಲಿ ಕಲಿಸಲಾಗುತ್ತಿತ್ತು. ತಾವು ವೃತ್ತಿಪರರಿಗೆ ಹಣ ಕೊಡುವುದಾದರೆ ಮಿಸ್ತ್ರಿಯವರಿಗೆ ಈ ಬಗೆಯನ್ನು ಕಲಿಸುವುದಕ್ಕಷ್ಟೇ ಕೊಡಿರಿ; ಜೊತೆಗೆ, ಕಲಿಸುವ ದಿನಗಳಲ್ಲಿ ಮಿಸ್ತ್ರಿಯವರ ಉತ್ಪಾದನೆಯ ಗುರಿಯನ್ನು ಕಡ್ಡಾಯವಾಗಿ ಇಳಿಸಿರಿ.