ಫಿನ್ ಎಷ್ಟುದ್ದ, ಅದನ್ನೇ ಬರೆದಿಲ್ಲ!

ಓದುಗರ ಪತ್ರ: ವೇಗ ಹಿಡಿದ ಕೂಡಲೇ, ಹಾಯಿ ಹಿಡಿದು ನಿಂತು ಓಡಿಸುವ ನನ್ನ ವಿಂಡ್‌ಸರ್ಫಿಂಗ್ ಬೋರ್ಡಿನ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಹೊಸ ಬೋರ್ಡ್ ಕೊಳ್ಳಲೇ? ನೀವು ಯಾವಾಗಲೂ ಫಿನ್ ನೋಡಿ, ಬೋರ್ಡಿನಡಿ ಹಿಂದುಗಡೆ ಇರುವ ಆ ರೆಕ್ಕೆ ನೋಡಿ ಅನ್ನುತ್ತೀರಿ. ಅಷ್ಟು ಚಿಕ್ಕ ತುಂಡಿನಿಂದ ಏನಾದೀತು?

ಸಂಪಾದಕರ ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಬೋರ್ಡಿನ ಗಾತ್ರ ಎಷ್ಟು ಲೀಟರ್ ಎಂದು ಬರೆದಿದ್ದೀರಿ. ಹಾಯಿ 7.5 ಚದರ ಮೀಟರ್ ಎಂದಿದ್ದೀರಿ. ಮಾಸ್ಟಿನಲ್ಲಿ, ಅಂದರೆ ಹಾಯಿಯ ಕಂಬದಲ್ಲಿ, ಕಾರ್ಬನ್ ಎಷ್ಟಿದೆ ಎನ್ನುವುದನ್ನೂ ಬಿಟ್ಟಿಲ್ಲ. ಫಿನ್ನಿನ ಉದ್ದ ಮಾತ್ರ ಇಲ್ಲ! ಇಷ್ಟು ಅಚ್ಚುಕಟ್ಟಾಗಿ ಬರೆಯುವವರು ಅದನ್ನೇ ಮರೆಯಬಹುದಾ?

ಹಿಂಗಾಲಿನಿಂದ ಜೋರಾಗಿ ಒದ್ದರೆ ಒಳ್ಳೆಯ ಫಿನ್ನೂ ಜಾರುತ್ತದೆ, ಒಪ್ಪಿದೆ. ಆದರೆ ಹಾಯಿ ಪಕ್ಕಕ್ಕೆ ತಳ್ಳುವಾಗ ನೀರಿನಡಿ ತಡೆದು ನಿಲ್ಲುವುದು ಹೆಚ್ಚಾಗಿ ಫಿನ್ನೇ. ವಿಮಾನದ ರೆಕ್ಕೆ ಮೇಲಕ್ಕೆ ಎತ್ತುವ ಹಾಗೆ ಇದು ಪಕ್ಕಕ್ಕೆ ಎತ್ತುತ್ತದೆ. ವೇಗ ಎರಡು ಪಟ್ಟಾದರೆ ಆ ಬಲ ನಾಲ್ಕು ಪಟ್ಟು. ಅದಕ್ಕೇ ಮೆಲುಗಾಳಿಗೆ, ದೊಡ್ಡ ಹಾಯಿಗೆ ಉದ್ದ ಫಿನ್ ಬೇಕು. ಗಾಳಿ ಜೋರಾದಾಗ ಅದೇ ಫಿನ್ ಬೋರ್ಡಿನ ಅಂಚನ್ನೇ ನೀರಿಂದ ಎಬ್ಬಿಸಿಬಿಡುತ್ತದೆ. ಒಲಿಂಪಿಕ್ಸ್‌ನಲ್ಲಿ 2008ರಿಂದ ಟೋಕಿಯೊ ಕೂಟದವರೆಗೆ ಇದ್ದ ಆರ್‌ಎಸ್:ಎಕ್ಸ್ ಎಂಬ ವಿಂಡ್‌ಸರ್ಫಿಂಗ್ ಬೋರ್ಡ್ ನೆನೆಸಿಕೊಳ್ಳಿ. ಗಂಡಸರಿಗೆ 9.5 ಚದರ ಮೀಟರ್ ಹಾಯಿ, 66 ಸೆಂ.ಮೀ. ಫಿನ್. ಅಲೆಗಳಲ್ಲಿ ಆಡುವವರ ಫಿನ್ ಅದರ ಅರ್ಧವೂ ಇರುವುದಿಲ್ಲ. ಸುಮ್ನೆ ಇಟ್ಟ ಅಳತೆಗಳಲ್ಲ ಇವು.

ನಾನೂ ಒಂದು ಇಡೀ ಸೀಸನ್ ಹೀಗೇ ಜಾರಿದ್ದೇನೆ. ಫಿನ್ ಮೇಲೆ ಅನುಮಾನ ಎಂದರೆ, 'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂದು ಕಲಿಸುವವರು ಬೈದರು. ಕೊನೆಗೆ ಗೆಳೆಯನೊಬ್ಬ ಫಿನ್ನಿನ ಮುಂದಂಚಿನ ಮೇಲೆ ಉಗುರು ಎಳೆದ. ತುದಿಯ ಹತ್ತಿರ ಸಿಕ್ಕಿಕೊಂಡಿತು. ಯಾವಾಗಲೋ ಕಲ್ಲಿಗೆ ತಾಗಿ ಆದ ಸಣ್ಣ ಕಚ್ಚು. ಅಲ್ಲಿ ನೀರು ಫಿನ್ನಿಗೆ ಅಂಟಿಕೊಂಡು ಹರಿಯುವುದು ತಪ್ಪಿ, ಮೇಲಿನ ಗಾಳಿ ಒಳಗೆ ಇಳಿಯುತ್ತಿತ್ತು, ಹಿಡಿತ ಹೋಗುತ್ತಿತ್ತು. ಎಪಾಕ್ಸಿ ಅಂಟು ತುಂಬಿ, 400 ನಂಬರಿನ ವಾಟರ್ ಪೇಪರಿನಲ್ಲಿ ತಿಕ್ಕಿದೆವು. ಆಮೇಲೆ ಅದೇ ಬೋರ್ಡ್, ಅದೇ ಕಾಲು, ಜಾರಲಿಲ್ಲ. ನೆಲ ನಿಜಕ್ಕೂ ಡೊಂಕಾಗಿತ್ತು.

ನನಗೆ ಬೇಸರ ಇದೇ. ಮಾರುವವರು ಬೋರ್ಡಿನ ಜೊತೆ ಒಂದು ಫಿನ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಬೋರ್ಡುಗಳನ್ನು ಹೋಲಿಸಿ ಬರೆಯುವವರು ಒಂದೊಂದಕ್ಕೆ ಒಂದೊಂದು ಫಿನ್ ಹಾಕಿ ಓಡಿಸಿ, ಗೆದ್ದದ್ದು ಬೋರ್ಡ್ ಎನ್ನುತ್ತಾರೆ. ಹೊಸಬರು ಮಾತ್ರ 'ನನ್ನ ಕೈಲಾಗದು' ಎಂದು ದಡಕ್ಕೆ ಬಂದು ಕೂರುತ್ತಾರೆ. ಅನ್ಯಾಯ ಅಲ್ವಾ?

ಹೊಸ ಬೋರ್ಡ್ ಸದ್ಯಕ್ಕೆ ಬೇಡ. ಮೊದಲು ಫಿನ್ ತನ್ನ ಬಾಕ್ಸಿನಲ್ಲಿ, ಅಂದರೆ ಬೋರ್ಡಿನಡಿ ಅದನ್ನು ಕೂರಿಸುವ ಗೂಡಿನಲ್ಲಿ, ಅಲುಗಾಡುತ್ತದೆಯೇ ನೋಡಿ. ಆಮೇಲೆ ಬಿಚ್ಚಿ, ಮುಂದಂಚಿನ ಮೇಲೆ ಉಗುರು ಎಳೆಯಿರಿ. ಉದ್ದ 40 ಸೆಂ.ಮೀ.ಗಿಂತ ತುಂಬ ಕಡಿಮೆ ಇದ್ದರೆ 7.5ರ ಹಾಯಿಗೆ ಸಾಲದು, ಉದ್ದದ್ದೊಂದನ್ನು ಯಾರಿಂದಾದರೂ ಕೇಳಿ ಪಡೆದು ಓಡಿಸಿ. ಈ ಸಲ ಅಳತೆ ಬರೆದು ಕಳಿಸಿ, ಕಾಯುತ್ತಿರುತ್ತೇನೆ.