ದಮ್ಮು, ಸಕ್ಕರೆ ಕಾಯಿಲೆ ಇರುವ ತಂದೆಗೆ ಫ್ಲೂ ಬಂದರೆ ವರದಿಗಾಗಿ ಕಾಯಬಹುದೇ?

ಚಿತ್ರದುರ್ಗದಲ್ಲಿರುವ ನಿಮ್ಮ ತಂದೆಯವರಿಗೆ 68 ವರ್ಷ, ದಮ್ಮು ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಫ್ಲೂ ಲಸಿಕೆ ಬೇಕೇ, ಜ್ವರ ಬಂದರೆ ಪರೀಕ್ಷೆಯ ವರದಿ ಬರುವವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ವೈದ್ಯನಾಗಿದ್ದೇನೆ. ಲಸಿಕೆ ಖಂಡಿತ ಹಾಕಿಸಿ, ವರದಿಗಾಗಿ ಕಾಯಬೇಡಿ.

ಮಂಡಕ್ಕಿ ಭಟ್ಟಿಯ ಹೊಗೆಯಲ್ಲೇ ಬಾಳು ಸವೆಸಿದ್ದ ಹಿರಿಯರೊಬ್ಬರು ಜ್ವರ ಬಂದ ಐದನೆಯ ದಿನ ನನ್ನಲ್ಲಿಗೆ ಬಂದರು. ಅಂಗಿಯ ಜೇಬಿನಲ್ಲಿ ಅರ್ಧ ಮುಗಿದ ಆ್ಯಂಟಿಬಯೋಟಿಕ್ ಮಾತ್ರೆಗಳಿದ್ದವು, ಉಗುರುಗಳು ನೀಲಿಗಟ್ಟಿದ್ದವು, ಹೆಸರು ಹೇಳುವಷ್ಟರಲ್ಲಿ ಎರಡು ಬಾರಿ ಉಸಿರೆಳೆದುಕೊಂಡರು. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ 84 ತೋರಿಸಿತು, ಅದು ಅಪಾಯದ ಮಟ್ಟ. ಆ ಮಾತ್ರೆಗಳು ಬ್ಯಾಕ್ಟೀರಿಯಾದ ಸೋಂಕಿಗೆ ಸಲ್ಲುವಂಥವು, ಫ್ಲೂ ವೈರಸ್ಸಿಗಲ್ಲ. ಅವರು ಬದುಕುಳಿದರು, ಆದರೆ ವ್ಯರ್ಥವಾದ ಆ ನಾಲ್ಕು ದಿನಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ವೈರಸ್ ಹೆಚ್ಚುವುದನ್ನು ತಡೆಯುವ ಔಷಧಿಯಾದ್ದರಿಂದ ಮೊದಲ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲ ಕೊಡುತ್ತದೆ, ವರದಿಗಾಗಿ ಕಾಯಬೇಡಿ ಎಂದದ್ದು ಇದಕ್ಕೇ. ವಯಸ್ಕರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ, ದಿನಕ್ಕೆರಡು ಬಾರಿ, 5 ದಿನ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ತಗ್ಗಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಅಪರೂಪವಲ್ಲ, ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮೂತ್ರಪಿಂಡದ ಸ್ಥಿತಿ ತಿಳಿಸುವ ಹಿಂದಿನ ಕ್ರಿಯೇಟಿನಿನ್ ರಕ್ತಪರೀಕ್ಷೆಯ ವರದಿಯನ್ನು ಮರೆಯದೆ ಒಯ್ಯಿರಿ. ಎರಡು ದಿನ ಕಳೆದುಹೋಗಿದ್ದರೂ ಇಂಥವರಿಗೆ ಔಷಧಿ ಕೊಡುವುದುಂಟು, ತಡವಾಯಿತೆಂದು ಸುಮ್ಮನಾಗಬೇಡಿ. ಜ್ವರದಲ್ಲಿ ಸಕ್ಕರೆ ಏರುವುದರಿಂದ ಮನೆಯಲ್ಲೇ ದಿನವೂ ನೋಡುತ್ತಿರಿ, ದಮ್ಮಿನ ಇನ್ಹೇಲರ್ ನಿಲ್ಲಿಸಬೇಡಿ. ಉಸಿರುಗಟ್ಟಿದಂತಾದರೆ, ಎದೆನೋವು ಬಂದರೆ, ಕಫದಲ್ಲಿ ರಕ್ತ ಕಂಡರೆ ಅಥವಾ ಕರೆದರೂ ಮಂಪರಿನಲ್ಲೇ ಇದ್ದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಲಸಿಕೆಯನ್ನು ಪ್ರತಿ ವರ್ಷವೂ ಹಾಕಿಸಬೇಕು, ಏಕೆಂದರೆ ವೈರಸ್ ರೂಪ ಬದಲಿಸುತ್ತದೆ, ದೇಹದ ರಕ್ಷಣೆಯೂ ಕುಂದುತ್ತದೆ. ನಮ್ಮ ಕಡೆ ಮುಂಗಾರಿನಲ್ಲಿ ಫ್ಲೂ ಹೆಚ್ಚುತ್ತದೆ, ಲಸಿಕೆ ಕೆಲಸ ಮಾಡಲು ಸುಮಾರು ಎರಡು ವಾರ ಬೇಕು. ಹಾಗಾಗಿ ಏಪ್ರಿಲ್-ಮೇ ತಿಂಗಳಲ್ಲೇ ಹಾಕಿಸುವುದು ಒಳ್ಳೆಯದು. ಲಸಿಕೆ ಪಡೆದವರಿಗೂ ಫ್ಲೂ ಬರಬಹುದು, ಆದರೆ ಆಸ್ಪತ್ರೆ ಸೇರುವ ಸಂಭವ ಕಡಿಮೆಯಾಗುತ್ತದೆ. ಚುಚ್ಚುಮದ್ದಿನಿಂದಲೇ ಫ್ಲೂ ಬರುತ್ತದೆಂಬ ಮಾತು ಸುಳ್ಳು, ಅದರಲ್ಲಿ ಜೀವಂತ ವೈರಸ್ ಇರುವುದಿಲ್ಲ. ನ್ಯುಮೋನಿಯಾ ತಡೆಗೆ ಕೊಡುವ ನ್ಯುಮೋಕಾಕಲ್ ಲಸಿಕೆಯ ಬಗ್ಗೆಯೂ ಅದೇ ಭೇಟಿಯಲ್ಲಿ ಕೇಳಿ.

ಮನೆಯಲ್ಲಿ ಗರ್ಭಿಣಿಯಿದ್ದರೆ ಅವರಿಗೂ ಹಾಕಿಸಿ. ಹುಟ್ಟುವ ಮಗುವಿಗೆ ಆರು ತಿಂಗಳು ತುಂಬುವವರೆಗೆ ಈ ಲಸಿಕೆ ಹಾಕುವಂತಿಲ್ಲ. ಅಲ್ಲಿಯವರೆಗೆ ಅದಕ್ಕೆ ಸಿಗುವುದು ತಾಯಿಯಿಂದ ಬಂದ ರಕ್ಷಣೆಯೊಂದೇ.