ವೆಬ್‌ಸೈಟ್ ಒಂದಕ್ಕೆ ನಮ್ಮ ಮನೆ ಇಂಟರ್‌ನೆಟ್ ಹಂಚಿಕೊಂಡರೆ ತೊಂದರೆ ಇದೆಯಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿರೋದು ಇಷ್ಟು. ಹಳೇ ಕನ್ನಡ ಪುಸ್ತಕ, ಮಾಸಪತ್ರಿಕೆಗಳ ಸ್ಕ್ಯಾನ್ ಇಟ್ಟಿರೋ ಒಂದು ತಾಣ ಸರ್ವರ್ ಖರ್ಚು ತಾಳಲಾರದೆ ಓದುಗರನ್ನೇ ಕೇಳಿದೆ: ನಿಮ್ಮ ಕಂಪ್ಯೂಟರಿನಲ್ಲಿ ಒಂದಷ್ಟು ಫೈಲ್ ಇಟ್ಟುಕೊಳ್ಳಿ, ಕೇಳಿದವರಿಗೆ ಅಲ್ಲಿಂದಲೇ ಹೋಗಲಿ ಅಂತ. ಮಂಡ್ಯದ ನಿಮ್ಮ ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಇದೆ. ಹಂಚಿದರೆ ನೆಟ್ ನಿಧಾನ ಆಗುತ್ತಾ, ಬಿಲ್ ಏರುತ್ತಾ, ಪೊಲೀಸರು ಬಾಗಿಲು ತಟ್ಟುತ್ತಾರಾ ಅನ್ನೋದು ನಿಮ್ಮ ಯೋಚನೆ.

ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಐದಾರು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ನೀವೂ ಮಾಡಿ. ಆದರೆ ನಾನು ಶುರು ಮಾಡಿದ ಹಾಗೆ ಶುರು ಮಾಡಬೇಡಿ.

ಮೊದಲ ದಿನ ಟೊರೆಂಟ್ ಪ್ರೋಗ್ರಾಂ, ಅಂದರೆ ಫೈಲನ್ನ ತುಂಡು ತುಂಡಾಗಿ ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರಿಗೆ ನೇರ ಹಂಚೋ ಪ್ರೋಗ್ರಾಂ ಹಾಕಿ, ಯಾವ ಮಿತಿಯೂ ಇಡದೆ, ಧರ್ಮಕಾರ್ಯ ಮಾಡಿದೆ ಅಂತ ಮಲಗಿಬಿಟ್ಟೆ. ಬೆಳಗ್ಗೆ ಮಗಳ ಆನ್‌ಲೈನ್ ಕ್ಲಾಸಿನಲ್ಲಿ ಮೇಷ್ಟ್ರು ಬಾಯಿ ತೆರೆದುಕೊಂಡೇ ನಿಂತಿದ್ದರು, ಮಾತು ಮಾತ್ರ ಬರ್ತಿರಲಿಲ್ಲ. ನಾನು ಕೊಡ್ತಿದ್ದದ್ದು ಅಪ್‌ಲೋಡ್, ಅವಳಿಗೆ ಬೇಕಿದ್ದದ್ದು ಡೌನ್‌ಲೋಡ್, ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ನನಗೆ ಆಶ್ಚರ್ಯ. ಸಂಬಂಧ ಇದೆ. ಒಳಗೆ ಬಂದ ಮಾಲಿಗೆಲ್ಲ ‘ತಲುಪಿತು’ ಅಂತ ಇಲ್ಲಿಂದ ಒಂದು ಚೀಟಿ ವಾಪಸ್ ಹೋಗಬೇಕು, ರಿಜಿಸ್ಟರ್ಡ್ ಅಂಚೆಗೆ ಸಹಿ ಹಾಕಿ ಕಳಿಸೋ ಹಾಗೆ. ಹೊರಗೆ ಹೋಗೋ ದಾರಿ ಪೂರ್ತಿ ತುಂಬಿಕೊಂಡರೆ ಆ ಚೀಟಿಗಳೂ ಕ್ಯೂನಲ್ಲಿ ನಿಲ್ಲುತ್ತವೆ, ಆ ಕಡೆಯವರು ಕಳಿಸೋದನ್ನೇ ತಗ್ಗಿಸುತ್ತಾರೆ. ಅದರ ಮೇಲೆ ಕಂಪನಿಯವರು ಕೊಟ್ಟಿದ್ದ ಅಗ್ಗದ ರೂಟರ್ ನೂರಾರು ಕನೆಕ್ಷನ್‌ಗಳ ಲೆಕ್ಕ ಇಡಲಾಗದೆ ಎರಡು ಸಲ ಮೂರ್ಛೆ ಹೋಯ್ತು. ಈಗ ಒಟ್ಟು ಕನೆಕ್ಷನ್ 80ಕ್ಕೆ ಕಟ್ಟಿದ್ದೀನಿ, ಅದು ಸಾಕೋ ಸಾಕು.

ಈಗ ಲೆಕ್ಕಕ್ಕೆ ಬರೋಣ. 10 ಎಂಬಿಪಿಎಸ್ ವೇಗದಲ್ಲಿ ಹಗಲೂ ರಾತ್ರಿ ಬಿಟ್ಟರೆ ದಿನಕ್ಕೆ 108 ಜಿಬಿ, ತಿಂಗಳಿಗೆ 3240 ಜಿಬಿ. ಅನ್‌ಲಿಮಿಟೆಡ್ ಅಂತ ಮಾರೋ ಎಷ್ಟೋ ಪ್ಲಾನ್‌ಗಳಿಗೆ 3300 ಜಿಬಿಗೆ ಒಂದು ಗೆರೆ ಇರುತ್ತೆ, ದಾಟಿದರೆ ವೇಗ ಬಿದ್ದುಹೋಗುತ್ತೆ. ನನ್ನ ಪ್ಲಾನ್‌ನಲ್ಲಿ ಅಪ್‌ಲೋಡ್ ಕೂಡ ಆ ಲೆಕ್ಕಕ್ಕೇ ಸೇರುತ್ತೆ. ಹಾಗಾಗಿ ಹಗಲು 3 ಎಂಬಿಪಿಎಸ್, ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರ ತನಕ 10. ಟ್ರಾನ್ಸ್‌ಮಿಷನ್, ಕ್ಯೂಬಿಟ್‌ಟೊರೆಂಟ್ ಅನ್ನೋ ಎರಡು ಟೊರೆಂಟ್ ಪ್ರೋಗ್ರಾಂಗಳಲ್ಲೂ ಹೀಗೆ ವೇಳೆಗೆ ತಕ್ಕ ಮಿತಿ ಇಡಬಹುದು. ಒಂದು ಎಚ್ಚರ: ಎಂಬಿಪಿಎಸ್ ಅನ್ನೋದು ಬಿಟ್‌ಗಳ ಲೆಕ್ಕ, ಅಲ್ಲಿ ಕೇಳೋದು ಕಿಲೋಬೈಟಿನ ಲೆಕ್ಕ; ಎಂಟು ಬಿಟ್ ಸೇರಿದರೆ ಒಂದು ಬೈಟ್. 3 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 375 ಕೆಬಿ. ಎಂಟರಿಂದ ಭಾಗಿಸೋದು ಮರೆತು 3000 ಅಂತ ಹಾಕಿದರೆ ನನ್ನ ಮೊದಲ ದಿನದ ಕಥೆಯೇ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ನಗು ಬರೋ ವಿಷಯ: ಆ 3300 ಜಿಬಿ ಗೆರೆ ನಾನು ಮುಟ್ಟಿದ್ದೇ ಇಲ್ಲ. ನನ್ನಲ್ಲಿರೋ ಹಳೇ ಕನ್ನಡ ಫೈಲುಗಳಿಂದ ತಿಂಗಳಿಗೆ 60 ಜಿಬಿ ಹೋದರೆ ಹೆಚ್ಚು. ಅರುವತ್ತು ವರ್ಷದ ಹಿಂದಿನ ಮಾಸಪತ್ರಿಕೆಗೆ ಮಧ್ಯರಾತ್ರಿ ನೂಕುನುಗ್ಗಲು ಎಲ್ಲಿಂದ ಬರಬೇಕು? ಆದರೆ ಮೂರು ತಿಂಗಳಿಗೊಮ್ಮೆ ಯಾರೋ ಒಬ್ಬರು ಬರ್ತಾರೆ, ಆ ಹೊತ್ತಿಗೆ ಫೈಲ್ ಇಟ್ಟಿರೋ ಒಬ್ಬರಾದರೂ ಎದ್ದಿರಬೇಕು. ಇಂಥ ತಾಣಗಳಿಗೆ ನಿಮ್ಮ 100 ಎಂಬಿಪಿಎಸ್‌ಗಿಂತ ನಿಮ್ಮ ಕಂಪ್ಯೂಟರ್ ಸದಾ ಆನ್ ಇರೋದೇ ಹೆಚ್ಚು ಬೇಕಿರೋದು. ಇದನ್ನ ಯಾರೂ ಮೊದಲೇ ಹೇಳಲ್ಲ.

ಸದಾ ಆನ್ ಅಂದರೆ ಕರೆಂಟು. 70 ವ್ಯಾಟಿನ ಡೆಸ್ಕ್‌ಟಾಪ್ ದಿನವಿಡೀ ಓಡಿದರೆ ತಿಂಗಳಿಗೆ 50 ಯೂನಿಟ್. ಗೃಹಜ್ಯೋತಿಯ ಉಚಿತ ಯೂನಿಟ್ಟು ನಿಮ್ಮ ಹಳೇ ಸರಾಸರಿ ನೋಡಿ ಕಟ್ಟಿರೋದು, ಅದರ ಮೇಲಿನದ್ದಕ್ಕೆ ದುಡ್ಡು. ಒಟ್ಟು 200 ದಾಟಿದರೆ ಪೂರ್ತಿ ಬಿಲ್. ಇಂಟರ್‌ನೆಟ್ ಕಂಪನಿಗಿಂತ ಮೊದಲು ಚೆಸ್ಕಾಂನ ಕರೆಂಟ್ ಬಿಲ್ಲೇ ನಿಮ್ಮನ್ನ ಹಿಡಿಯುತ್ತೆ! ನಾನು ರಾಸ್ಪ್‌ಬೆರಿ ಪೈ ಅನ್ನೋ ಪುಟಾಣಿ ಕಂಪ್ಯೂಟರಿಗೆ ಒಂದು ಹಳೇ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಟಿವಿ ಹಿಂದೆ ಇಟ್ಟಿದ್ದೀನಿ. ಎರಡೂ ಸೇರಿ ತಿಂಗಳಿಗೆ ಐದಾರು ಯೂನಿಟ್.

ಟೊರೆಂಟ್ ಕೆಲಸ ಮಾಡೋ ಬಗೆ ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ನಾಟಿ ಟೈಮಲ್ಲಿ ಮುಯ್ಯಾಳು ಅಂತೀರಲ್ಲ, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಅದೇ. 2001ರಲ್ಲಿ ಬ್ರ್ಯಾಮ್ ಕೋಹೆನ್ ಅನ್ನೋರು ಬಿಟ್‌ಟೊರೆಂಟ್, ಅಂದರೆ ಈ ಟೊರೆಂಟ್ ಪದ್ಧತಿ ಮಾಡಿದಾಗ ಇಟ್ಟ ನಿಯಮವೂ ಇದೇ: ಯಾರು ನನಗೆ ತುಂಡು ಕೊಡ್ತಾರೋ ಅವರಿಗೆ ನಾನು ಮೊದಲು ಕೊಡ್ತೀನಿ. ನಡುನಡುವೆ ಹೊಸಬರಿಗೂ ಒಂದು ಅವಕಾಶ, ಇಲ್ಲದಿದ್ದರೆ ಬರಿಗೈಲಿ ಬಂದವರು ಬರಿಗೈಲೇ ಹೋಗಬೇಕಾಗ್ತಿತ್ತು. ಪ್ರತಿ ತುಂಡಿಗೂ ಒಂದು ಗುರುತಿನ ಸಂಖ್ಯೆ ಇರೋದರಿಂದ ದಾರಿಯಲ್ಲಿ ಯಾರಾದರೂ ಕಲಬೆರಕೆ ಮಾಡಿದರೆ ಪ್ರೋಗ್ರಾಮೇ ಆ ತುಂಡು ಎಸೆದು ಬೇರೆಯವರಿಂದ ತರಿಸಿಕೊಳ್ಳುತ್ತೆ. ಹಳೇ ಪುಸ್ತಕ, ವೆಬ್‌ಪುಟಗಳನ್ನ ಕಾಪಿಡೋ ಇಂಟರ್‌ನೆಟ್ ಆರ್ಕೈವ್‌ನಂಥ ದೊಡ್ಡ ಸಂಸ್ಥೆಯೇ 2012ರಿಂದ ತನ್ನ ಸಂಗ್ರಹವನ್ನ ಟೊರೆಂಟ್ ಮೂಲಕವೂ ಕೊಡ್ತಿದೆ. ಟೊರೆಂಟ್ ಅಂದ ಕೂಡಲೇ ಕಳ್ಳ ಸಿನಿಮಾ ಅಂದುಕೊಳ್ಳೋ ನೆಂಟರಿಗೆ ನಾನು ಹೇಳೋದು ಇದನ್ನೇ.

ಶುರು ಮಾಡೋ ಮುಂಚೆ ರೂಟರಿನ ಪುಟದಲ್ಲಿ ಹೊರಗಿನ ಐಪಿ ವಿಳಾಸ, ಅಂದರೆ ಇಂಟರ್‌ನೆಟ್ಟಿನಲ್ಲಿ ನಿಮ್ಮ ಮನೆಯ ನಂಬರು, ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮ ಕಂಪನಿ ಒಂದೇ ವಿಳಾಸದ ಹಿಂದೆ ಹಲವು ಮನೆಗಳನ್ನ ಕೂರಿಸಿದೆ ಅಂತ. ಆಗ ಹೊರಗಿನವರು ನಿಮ್ಮ ಬಾಗಿಲಿಗೆ ನೇರ ಬರಲಾರರು, ನೀವೇ ಹೋಗಿ ಮಾತಾಡಿಸಿದವರಿಗೆ ಮಾತ್ರ ಫೈಲ್ ಕೊಡಬಹುದು. ಪ್ರತಿ ಮನೆಗೂ ಬೇರೆ ವಿಳಾಸ ಕೊಡಬಲ್ಲ ಹೊಸ ಪದ್ಧತಿ ಐಪಿವಿ6 ಇದ್ದರೆ ಅದನ್ನ ಆನ್ ಮಾಡಿ, ಅರ್ಧ ಸಮಸ್ಯೆ ತೀರುತ್ತೆ.

ಪೊಲೀಸರ ಮಾತು. ನೀವು ಹಂಚುವಾಗ ನಿಮ್ಮ ಐಪಿ ವಿಳಾಸ ಪಡೆಯೋರಿಗೆಲ್ಲ ಕಾಣುತ್ತೆ. ಆದ್ದರಿಂದ ಏನು ಹಂಚ್ತಿದ್ದೀರಿ ಅಂತ ನಿಮಗೆ ಗೊತ್ತಿರಬೇಕು. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಪುಸ್ತಕಕ್ಕೆ ಹಕ್ಕು ಇರುತ್ತೆ. ಯಾವ ಪುಸ್ತಕ ಅಂತ ಪಟ್ಟಿ ಕೊಡಿ ಅಂತ ತಾಣದವರನ್ನ ಕೇಳಿ, ಪಟ್ಟಿ ಕೊಡದೆ ‘ಪ್ರೋಗ್ರಾಂ ಹಾಕಿಕೊಳ್ಳಿ, ಉಳಿದದ್ದು ನಾವು ನೋಡ್ಕೋತೀವಿ’ ಅಂದರೆ ನಾನಂತೂ ಹಾಕಲ್ಲ.

ಇನ್ನೊಂದು ಜಾತಿ ಇದೆ, ಅದರ ಹತ್ತಿರ ಸುಳಿಯಬೇಡಿ: ‘ನಿಮ್ಮ ಖಾಲಿ ಬ್ಯಾಂಡ್‌ವಿಡ್ತ್ ಕೊಡಿ, ತಿಂಗಳಿಗೆ ದುಡ್ಡು’ ಅನ್ನೋ ಆ್ಯಪ್‌ಗಳು. ಅಲ್ಲಿ ನೀವು ಫೈಲ್ ಹಂಚ್ತಿಲ್ಲ, ಯಾರೋ ಅಪರಿಚಿತರು ನಿಮ್ಮ ಮನೆ ವಿಳಾಸದಿಂದ ಎಲ್ಲಿಗೋ ಹೋಗ್ತಿದ್ದಾರೆ. ದುಡ್ಡೂ ಕೊಡದೆ ಇದನ್ನೇ ಮಾಡೋರೂ ಇದ್ದಾರೆ. 2024ರ ಮೇನಲ್ಲಿ ಅಮೆರಿಕದ ಸರ್ಕಾರ 911 ಎಸ್5 ಅನ್ನೋ ಜಾಲ ಮುರಿಯಿತು. ಅದರಲ್ಲಿ ಸಿಕ್ಕಿಕೊಂಡಿದ್ದ ಐಪಿ ವಿಳಾಸ 1.9 ಕೋಟಿಗೂ ಹೆಚ್ಚು. ಬಹಳ ಜನ ಮಾಡಿದ್ದು ಬಿಟ್ಟಿ ವಿಪಿಎನ್, ಅಂದರೆ ನಿಮ್ಮ ಐಪಿ ವಿಳಾಸ ಮರೆಮಾಡೋ ಆ್ಯಪ್, ಹಾಕಿಕೊಂಡಿದ್ದು ಅಷ್ಟೇ, ಅವರ ಹೆಸರಲ್ಲಿ ವಂಚನೆ ಮಾಡಿದವರು ಬೇರೆ.

ನಿಮ್ಮ ತಾಣದ್ದು ಟೊರೆಂಟೋ, ಅವರದ್ದೇ ಪ್ರೋಗ್ರಾಮೋ ಅಂತ ತಿಳಿಸಿದರೆ ಸೆಟ್ಟಿಂಗ್ ಹೇಳ್ತೀನಿ. ಅಲ್ಲಿಯವರೆಗೆ 250 ಕೆಬಿಗೆ ಕಟ್ಟಿ ಶುರು ಮಾಡಿ, ಮನೆಯಲ್ಲಿ ಯಾರಿಗೂ ಹೇಳಬೇಡಿ. ಒಂದು ವಾರ ಯಾರೂ ‘ನೆಟ್ ಯಾಕೋ ಸ್ಲೋ’ ಅನ್ನದಿದ್ದರೆ 375ಕ್ಕೆ ಏರಿಸಿ.